ಸೇವೆಗೂ ಗೇಟ್ ಪಾಸ್

“ಸೇವೆ ಮಾಡಬೇಕೆ? ಬಹಳ ಸಂತೋಷ. ಮೊದಲು ಅರ್ಹತೆ ತೋರಿಸಿ” ಎನ್ನುತ್ತಾರೆ ಅಮೆರಿಕದ ವಿದ್ಯಾರ್ಥಿ ಸೇವಾಸಂಘದ ಕಾರ್ಯದರ್ಶಿ (ಕಲ್ಪಿತ ವ್ಯಕ್ತಿ, ಹುಡುಕಿದರೆ ಸಿಕ್ಕಾರು). ರಕ್ತದಾನ ಶಿಬಿರದಲ್ಲಿ ಕುರ್ಚಿ ಜೋಡಿಸಲು ಎಂಥ ಅರ್ಹತೆ ಸ್ವಾಮಿ? “ಸಂಪ್ರದಾಯ!” ಆಗಲಿ, ಅದನ್ನೇ ನೋಡೋಣ. 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ ಹುಟ್ಟಿದ ಆಲ್ಫಾ ಫೈ ಒಮೇಗಾ ಎಂಬ ಸೇವಾಸಂಘ ಸೇರಲು ಸ್ಕೌಟ್ ನಂಟು ಬೇಕಿತ್ತು. 1967ರಲ್ಲಿ ಆ ಷರತ್ತು ಹೋಯಿತು. 1976ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಸಂಘವೇನೂ ಮುಳುಗಲಿಲ್ಲ. ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸಿದ ಟೈಟಲ್ ನೈನ್ ಕಾನೂನಿಂದ 1974ರಲ್ಲಿ ಸದಸ್ಯತ್ವದ ವಿಷಯದಲ್ಲಿ ವಿನಾಯಿತಿ ಸಿಕ್ಕಿದ್ದು ಸೋಷಿಯಲ್ ಫ್ರಟರ್ನಿಟಿ ಎಂಬ ವಿದ್ಯಾರ್ಥಿಕೂಟಗಳಿಗೆ, ಕಾಲೇಜಿನ ಸೇವಾಸಂಘಗಳಿಗಲ್ಲ. ಅಂದರೆ ಪಾರ್ಟಿ ಮಾಡುವವರು ಗಂಡು-ಹೆಣ್ಣು ಎಂದು ಆರಿಸಬಹುದು, ಕಸ ಹೆಕ್ಕುವವರು ಆರಿಸುವಂತಿಲ್ಲ. ಕಾನೂನಿಗೂ ಹಾಸ್ಯಪ್ರಜ್ಞೆ ಉಂಟು.

“ಹಾಗಾದರೆ ಕಂಡಕಂಡವರನ್ನೆಲ್ಲ ಸೇರಿಸಿಕೊಳ್ಳೋಣವೆ? ರೆಸ್ಯೂಮೆಗೆ ಒಂದು ಸಾಲು ಸೇರಿಸಲೆಂದೇ ಬರುವವರಿದ್ದಾರೆ!” ಇದು ತಳ್ಳಿಹಾಕುವ ಮಾತಲ್ಲ. ಹೆಸರಿಗಷ್ಟೇ ಸದಸ್ಯರಾದವರ ಪಾಲಿನ ಕೆಲಸ ಉಳಿದವರ ಹೆಗಲೇರುತ್ತದೆ. ಆದ್ದರಿಂದ ಸೇವೆಯ ಗಂಟೆ ಲೆಕ್ಕ ಇರಲಿ, ಹಳಬರಿಗೂ ಹೊಸಬರಿಗೂ ಒಂದೇ ಇರಲಿ. ರಾತ್ರಿ ಹೋಟೆಲಲ್ಲಿ ತಟ್ಟೆ ತೊಳೆದು ಫೀಸು ಕಟ್ಟುವ ಹುಡುಗಿಗೆ ಸೇವೆ ಮಾಡಲು ಶನಿವಾರದ ಬದಲು ಮಂಗಳವಾರ ಸಿಗಲಿ, ಚಂದಾ ಕಂತಿನಲ್ಲಿರಲಿ. ಸಂಘದ ಹೆಸರು ಗ್ರೀಕ್ ಎಂದು ಹೊಸಬರಿಂದ ಗ್ರೀಕ್ ಅಕ್ಷರಮಾಲೆ ಉರುಹೊಡೆಸುವುದರಿಂದ ಯಾವ ವೃದ್ಧಾಶ್ರಮಕ್ಕೂ ಊಟ ತಲುಪಿಲ್ಲ.

“ಕಷ್ಟಪಡದೆ ಸೋದರಭಾವ ಬರುತ್ತದೆಯೆ?” ಬೇಕಾದಷ್ಟು ಕಷ್ಟ ನದಿದಂಡೆಯ ಕಸದಲ್ಲೇ ಇದೆ, ಎಲ್ಲರೂ ಒಟ್ಟಿಗೇ ಹೋಗಿ ಪಡಬಹುದು. “ನಾನೂನಾ? ನಾನು ಕಾರ್ಯದರ್ಶಿ ಕಣ್ರೀ!”