ಮೊದಲ ರಾತ್ರಿ ಪ್ರಕರಣ: ಮೈನ್‌ಕ್ರಾಫ್ಟ್ ಶಾಸ್ತ್ರಕ್ಕೊಂದು ಅಲ್ಪಭಾಷ್ಯ

ಶೀರ್ಷಿಕೆ ಕಂಡು ಬೇರೆಯದೇ ಕುತೂಹಲದಿಂದ ಪುಟ ಬಿಡಿಸಿದವರು ಇಲ್ಲಿಂದಲೇ ಹಿಂತಿರುಗಬಹುದು. ಪ್ರಸ್ತುತ ಸಂಪ್ರಬಂಧ ವಿವೇಚಿಸುವ ಮೊದಲ ರಾತ್ರಿಯಲ್ಲಿ ಹಾಲಿನ ಲೋಟವೂ ಇಲ್ಲ, ಮಲ್ಲಿಗೆ ಹೂವೂ ಇಲ್ಲ. ಬಾಗಿಲಾಚೆ ಜೋಂಬಿ ಇದೆ. ಬಾಗಿಲನ್ನು ಇನ್ನೂ ಮಾಡಿಲ್ಲ.

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಹೊರಬಿಟ್ಟ, 2011ರ ನವೆಂಬರಿನಲ್ಲಿ ಪೂರ್ಣರೂಪ ತಾಳಿದ, 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ತೆತ್ತು ಕೊಂಡ ಮೈನ್‌ಕ್ರಾಫ್ಟ್ ಎಂಬ ಆಟ. ಪ್ರಯೋಜನ: ಬೆಳಗಾಗುವ ತನಕ ಜೀವ ಉಳಿಸಿಕೊಳ್ಳುವುದು. ಸಂಬಂಧ: ಓದುಗರಿಗೂ ಅವರ ಮನೆಯ ಒಂಬತ್ತು ವರ್ಷದ ಮಗುವಿಗೂ ಇರುವಂಥದ್ದು, ಆಟ ಶುರುವಾದ ಮೇಲೆ ಇದು ಕೆಡುತ್ತದೆ. ಅಧಿಕಾರಿ: ಶಮ, ದಮ, ತಿತಿಕ್ಷೆಗಳ ಜೊತೆಗೆ ಪೂರ್ತಿ ಚಾರ್ಜ್ ಆಗಿರುವ ಟ್ಯಾಬ್ ಉಳ್ಳವನು.

ಇನ್ನು ಪ್ರಮಾಣ ವಿಚಾರ. ಈ ಶಾಸ್ತ್ರಕ್ಕೆ ಬಹುಕಾಲ ಲಿಖಿತ ಮೂಲವೇ ಇರಲಿಲ್ಲ. ಆಟಗಾರನನ್ನು ಬಯಲಿಗೆ ತಂದು ಬಿಡುತ್ತಿದ್ದರು, ಅಷ್ಟೇ. ಯಾವ ಸಾಮಗ್ರಿಯನ್ನು ಹೇಗೆ ಜೋಡಿಸಿದರೆ ಏನಾಗುತ್ತದೆಂದು ತೋರಿಸುವ ಪುಸ್ತಕ ಕಂಪ್ಯೂಟರಿನ ಮೂಲ ಪಾಠದೊಳಕ್ಕೆ ಸೇರಿದ್ದು 2017ರಲ್ಲಿ. ಅಲ್ಲಿಯವರೆಗೆ ಒಬ್ಬರಿಂದೊಬ್ಬರಿಗೆ ಕಿವಿಯಿಂದ ಕಿವಿಗೆ ಹರಿದು ಬಂದದ್ದರಿಂದ ಇದನ್ನು ಶ್ರುತಿ ಎನ್ನಲು ಅಡ್ಡಿಯಿಲ್ಲ. ಪ್ರತ್ಯಕ್ಷ ಪ್ರಮಾಣವೂ ಉಂಟು, ಪ್ರತ್ಯಕ್ಷವೆಂದರೆ ಸಾಯುವುದು. ಶಬ್ದಪ್ರಮಾಣವಾಗಿ ನಾನು ನಾಲ್ಕನೇ ಕ್ಲಾಸಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳನ್ನು ಹಿಡಿದಿದ್ದೇನೆ. ಅವಳೇ ಈ ಗ್ರಂಥದ ಪೂರ್ವಪಕ್ಷಿಯೂ ಹೌದು.

ಸಿದ್ಧಾಂತವನ್ನು ಮೊದಲೇ ಮಂಡಿಸುತ್ತೇನೆ. ಈ ಆಟ ಸ್ವೀಡನ್ನಿನದಲ್ಲ. ಆರಂಭಿಕರಿಗೆ ಬೇಕಾದ ಒಂದೊಂದು ಕಿವಿಮಾತನ್ನೂ ನಮ್ಮಜ್ಜಿ ಎಂದೋ ಹೇಳಿ ಮುಗಿಸಿದ್ದಳಾದ್ದರಿಂದ ಇದು ಮೂಲತಃ ಅಜ್ಜಿಕೃತ. ಸ್ವೀಡನ್ನಿನವರು ಕೋಡು ಬರೆದುಕೊಟ್ಟರು.

ಮುಷ್ಟಿ ಪ್ರಕರಣ

ಆಟದ ಒಂದು ದಿನಕ್ಕೆ ನಮ್ಮ 20 ನಿಮಿಷ. ಅದರಲ್ಲಿ ಪೂರ್ಣ ಹಗಲು ಹತ್ತೇ ನಿಮಿಷ. ಈ ಹತ್ತು ನಿಮಿಷದಲ್ಲಿ ದೃಶ್ಯ ನೋಡುತ್ತ ನಿಲ್ಲುವವನು ಶಾಸ್ತ್ರಕ್ಕೆ ಅನರ್ಹ. ಕಣ್ಣಿಗೆ ಬಿದ್ದ ಮೊದಲ ಮರಕ್ಕೆ ಗುದ್ದಬೇಕು. ಕೊಡಲಿ ಬೇಡವೇ ಎಂದರೆ, ಕೊಡಲಿಗೂ ಮರವೇ ಬೇಕಲ್ಲ! ಬರಿಗೈಯಲ್ಲಿ ಗುದ್ದಿದರೆ ಮೂರು ಸೆಕೆಂಡಿಗೊಂದು ದಿಮ್ಮಿ ಕೈಗೆ ಬರುತ್ತದೆ, ಕೈಗೆ ಏನೂ ಆಗುವುದಿಲ್ಲ. ಕಲ್ಲಿಗೆ ಗುದ್ದಿದರೆ ಕಲ್ಲೂ ಒಡೆಯುತ್ತದೆ, ಆದರೆ ಏನೂ ದಕ್ಕುವುದಿಲ್ಲ.

ಮುಂದಿನದನ್ನು ಮಗ್ಗಿಯಂತೆ ಬಾಯಿಪಾಠ ಮಾಡತಕ್ಕದ್ದು. ಒಂದು ದಿಮ್ಮಿಗೆ ನಾಲ್ಕು ಹಲಗೆ. ಎರಡು ಹಲಗೆಗೆ ನಾಲ್ಕು ಕೋಲು. ನಾಲ್ಕು ಹಲಗೆಗೆ ಒಂದು ಕ್ರಾಫ್ಟಿಂಗ್ ಟೇಬಲ್. ಮೂರು ಹಲಗೆ ಎರಡು ಕೋಲಿಗೆ ಮರದ ಪಿಕಾಸಿ. ಅದರಿಂದ ಮೂರು ಕಲ್ಲು ಕೀಳುತ್ತಲೇ ಮರದ್ದನ್ನು ಮರೆತು ಕಲ್ಲಿನ ಪಿಕಾಸಿ ಮಾಡಿಕೊಳ್ಳಬೇಕು. ಮರದ್ದು 59 ಏಟಿಗೆ ಸವೆದರೆ ಕಲ್ಲಿನದು 131 ತಾಳುತ್ತದೆ. ಚಿನ್ನದ ಪಿಕಾಸಿಯೂ ಇದೆ, 32 ಏಟಿಗೆ ಕೈಕೊಡುತ್ತದೆ. ಚಿನ್ನ ಇರುವುದು ಇಡುವುದಕ್ಕೆ, ಅಗೆಯುವುದಕ್ಕಲ್ಲ ಎಂದು ಅಜ್ಜಿಯ ವಚನ.

ಮರದ ಬುಡ ಕಡಿದರೆ ಮೇಲಿನ ಅರ್ಧ ಗಾಳಿಯಲ್ಲಿ ಹಾಗೇ ನಿಂತಿರುತ್ತದೆ. ಈ ಲೋಕದಲ್ಲಿ ಗುರುತ್ವಾಕರ್ಷಣೆಗೆ ಅಂಜುವ ನೆಲದ ಸರಕುಗಳೆಂದರೆ ಮುಖ್ಯವಾಗಿ ಮರಳು ಮತ್ತು ಜಲ್ಲಿ. ಬೆಟ್ಟದ ಬುಡವನ್ನೇ ತೆಗೆದರೂ ಬೆಟ್ಟ ಅಲುಗುವುದಿಲ್ಲ. ನ್ಯೂಟನ್ ಇಲ್ಲಿ ಅರ್ಧ ಅಧಿಕಾರಿ.

ದೀಪ ಪ್ರಕರಣ

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಅಜ್ಜಿಯ ಸಮಸ್ತ ದರ್ಶನ ಈ ಒಂದು ವಾಕ್ಯದಲ್ಲಿದೆ, ಮೈನ್‌ಕ್ರಾಫ್ಟಿನದೂ ಅಷ್ಟೇ. ಕತ್ತಲಿರುವಲ್ಲಿ ದುಷ್ಟಶಕ್ತಿಗಳು ಹುಟ್ಟುತ್ತವೆ, ಬೆಳಕಿರುವಲ್ಲಿ ಹುಟ್ಟುವುದಿಲ್ಲ. ಇಲ್ಲಿ ಇದು ನಂಬಿಕೆಯ ಮಾತಲ್ಲ, ಪ್ರೋಗ್ರಾಮಿನ ಸಾಲು. ಒಂದು ಕೋಲು, ಒಂದು ಕಲ್ಲಿದ್ದಲು ಸೇರಿಸಿದರೆ ನಾಲ್ಕು ಪಂಜು. ಕಲ್ಲಿದ್ದಲು ಸಿಗಲಿಲ್ಲವೆಂದು ಅಳುತ್ತ ಕೂರುವವರು ಬಹಳ. ಎಂಟು ಕಲ್ಲಿನಿಂದ ಕುಲುಮೆ ಕಟ್ಟಿ, ಹಲಗೆಯನ್ನೇ ಉರುವಲು ಮಾಡಿ, ದಿಮ್ಮಿ ಸುಟ್ಟರೆ ಇದ್ದಿಲಾಗುತ್ತದೆ; ಪಂಜಿಗೆ ಅದೇ ಸಾಕು.

ಇಲ್ಲೊಂದು ಪ್ರಾಚೀನ ಮತ್ತು ನವ್ಯರ ಜಗಳವಿದೆ. ಬೆಳಕನ್ನು ಈ ಲೋಕ 0ಯಿಂದ 15ರವರೆಗೆ ಅಳೆಯುತ್ತದೆ. ಪಂಜಿನ ಬೆಳಕು 14; ಒಂದೊಂದು ಹೆಜ್ಜೆ ದೂರಕ್ಕೆ ಒಂದೊಂದು ಕುಗ್ಗುತ್ತದೆ. ಏಳು ಅಥವಾ ಅದಕ್ಕಿಂತ ಕಡಿಮೆ ಬೆಳಕಿದ್ದರೆ ದುಷ್ಟಜೀವಿಗಳು ಹುಟ್ಟುತ್ತವೆಂದು ಪ್ರಾಚೀನರು. ಸೊನ್ನೆಯಾದರೆ ಮಾತ್ರ ಹುಟ್ಟುತ್ತವೆಂದು ನವ್ಯರು. 2021ರ ಕೊನೆಗೆ ಬಂದ 1.18ನೇ ಆವೃತ್ತಿ ನವ್ಯರ ಪರವಾಗಿ ತೀರ್ಪಿತ್ತಿದೆ. ವಜ್ರದ ವಿಷಯದಲ್ಲೂ ಹೀಗೆಯೇ: ಹನ್ನೊಂದನೇ ಮಟ್ಟದಲ್ಲಿ ಸುರಂಗ ಕೊರೆಯಿರಿ ಎನ್ನುವ ಪ್ರಾಚೀನರ ಮಾತು ಕೇಳಿ ಈಗಲೂ ಅಲ್ಲೇ ಕೊರೆಯುತ್ತಿರುವವರಿದ್ದಾರೆ. ಅದೇ ಆವೃತ್ತಿ ಭೂಮಿಯನ್ನು ಸೊನ್ನೆಯ ಕೆಳಗೆ ಇನ್ನೂ 64 ಮಟ್ಟ ಆಳ ಮಾಡಿ ವಜ್ರವನ್ನು ಪಾತಾಳಕ್ಕೆ ಇಳಿಸಿತು. ಈಗ ಮೈನಸ್ 59ರ ಆಸುಪಾಸಿನಲ್ಲಿ ಹುಡುಕಬೇಕು. ಆದ್ದರಿಂದ ಆರಂಭಿಕರು ಯಾರ ಸಲಹೆ ಕೇಳಿದರೂ ಆತ ಯಾವ ಕಾಲದ ಭಾಷ್ಯಕಾರ ಎಂದು ಮೊದಲು ವಿಚಾರಿಸತಕ್ಕದ್ದು. ಇಡೀ ಗ್ರಂಥದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ವಾಕ್ಯ ಇದೊಂದೇ ಎಂದು ಪೂರ್ವಪಕ್ಷಿಯ ಅಭಿಪ್ರಾಯ.

ಬೆಳಗಾಯಿತೆಂದು ಬಾಗಿಲು ತೆರೆದು ಓಡಬಾರದು. ಜೋಂಬಿ, ಅಸ್ಥಿಪಂಜರಗಳು ಬಿಸಿಲಿಗೆ ಸುಟ್ಟುಹೋಗುತ್ತವೆ. ಕ್ರೀಪರ್ ಎಂಬ ಹಸಿರು ಪ್ರಾಣಿ ಸುಡುವುದಿಲ್ಲ. ಸದ್ದಿಲ್ಲದೆ ಬೆನ್ನ ಹಿಂದೆ ಬಂದು, ಬುಸ್ಸೆಂದು, ಒಂದೂವರೆ ಸೆಕೆಂಡಿನಲ್ಲಿ ಸಿಡಿದು, ನೀವು ಕಟ್ಟಿದ ಗೋಡೆಯನ್ನೂ ನಿಮ್ಮನ್ನೂ ಕೊಂಡೊಯ್ಯುತ್ತದೆ. ಇದರ ಜನ್ಮವೃತ್ತಾಂತ ಪುರಾಣಯೋಗ್ಯ: ಪರ್ಸನ್ ಹಂದಿಯೊಂದನ್ನು ರೂಪಿಸಲು ಹೋಗಿ ಉದ್ದಕ್ಕೆ ಕೊಡಬೇಕಾದ ಅಳತೆಯನ್ನು ಎತ್ತರಕ್ಕೆ ಕೊಟ್ಟ, ಹುಟ್ಟಿದ್ದು ಇದು. ಇದು ಹೆದರುವುದು ಬೆಕ್ಕಿಗೆ. ಹಸಿ ಮೀನು ಕೊಟ್ಟು ಬೆಕ್ಕನ್ನು ಪಳಗಿಸಿ ಮನೆಯಲ್ಲಿಟ್ಟರೆ ಕ್ರೀಪರ್ ಹತ್ತಿರ ಸುಳಿಯದು. ಬೆಕ್ಕು ಅಡ್ಡ ಬಂದರೆ ಹೊರಟ ಕೆಲಸ ಕೆಡುತ್ತದೆ ಎಂದಿದ್ದಳಲ್ಲ ಅಜ್ಜಿ, ಅದು ವಿರುದ್ಧವಾಯಿತಲ್ಲ ಎಂದು ಆಕ್ಷೇಪಿಸಿದರೆ, ಇಲ್ಲ: ಹೊರಟದ್ದು ಕ್ರೀಪರ್, ಕೆಟ್ಟದ್ದು ಕ್ರೀಪರಿನ ಕೆಲಸ. ವಚನ ಅಬಾಧಿತ.

ದೃಷ್ಟಿ ಪ್ರಕರಣ

ಎಂಡರ್‌ಮ್ಯಾನ್ ಎಂಬ ಕಪ್ಪು ನೀಳಕಾಯನೊಬ್ಬನಿದ್ದಾನೆ. ತನ್ನ ಪಾಡಿಗೆ ಮಣ್ಣುಗಡ್ಡೆ ಹೊತ್ತು ತಿರುಗುತ್ತಾನೆ. ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಿರೋ, ಮಾಯವಾಗಿ ಎದುರಿಗೇ ಪ್ರತ್ಯಕ್ಷನಾಗಿ ಬಡಿಯುತ್ತಾನೆ. ಪರಿಹಾರ ಏನೆಂದು ಮೊಮ್ಮಗಳನ್ನು ಕೇಳಿದೆ.

“ಕುಂಬಳಕಾಯಿ ತಲೇಗೆ ಹಾಕ್ಕೋಬೇಕು ತಾತ.”

ಸಂಶೋಧಕನ ಬದುಕಿನಲ್ಲಿ ಇಂಥ ಗಳಿಗೆ ವಿರಳ. ಹೊಸ ಮನೆ ಕಟ್ಟಿದವರು ದೃಷ್ಟಿ ತಾಗದಿರಲೆಂದು ಕುಂಬಳಕಾಯಿಗೆ ಕಣ್ಣು, ಮೀಸೆ, ಹಲ್ಲು ಬರೆದು ಮುಂಬಾಗಿಲಿಗೆ ತೂಗುಹಾಕುವುದನ್ನು ಸ್ಟಾಕ್‌ಹೋಮಿನವರು ಯಾವ ರಾಯಭಾರಿಯಿಂದ ಕೇಳಿ ತಿಳಿದರು? ಆಟದಲ್ಲೂ ಕತ್ತರಿಯಿಂದ ಮುಖ ಕೆತ್ತಿದ ಕುಂಬಳವೇ ಆಗಬೇಕು. ಮುಖವಿಲ್ಲದ್ದನ್ನು ತಲೆಗೆ ಹಾಕಲು ಬರುವುದೇ ಇಲ್ಲ. ನಮ್ಮದು ಬೂದುಗುಂಬಳ, ಅವರದು ಸಿಹಿಗುಂಬಳ ಎಂಬ ಪಾಠಾಂತರವನ್ನು ಲಿಪಿಕಾರನ ಪ್ರಮಾದವೆಂದು ಪರಿಗಣಿಸಲಾಗಿದೆ. ಕುಂಬಳ ಹಾಕಿಕೊಂಡರೆ ಸುತ್ತಲಿನದು ಅರ್ಧಂಬರ್ಧ ಕಾಣುತ್ತದೆ ಎಂಬುದು ನಿಜ. ದೃಷ್ಟಿ ನಿವಾರಣೆ ಎಂದ ಮೇಲೆ ಸ್ವಲ್ಪ ದೃಷ್ಟಿ ಹೋಗದೆ ಇದ್ದೀತೆ?

ಅನ್ನದ ವಿಚಾರ ಸಂಕ್ಷೇಪವಾಗಿ. ಹಸಿವನ್ನು ಹತ್ತು ಕೋಳಿಕಾಲಿನ ಚಿತ್ರಗಳಿಂದ ಅಳೆಯುತ್ತಾರೆ. ಗ್ರಂಥಕರ್ತೆ ಅಜ್ಜಿಗೆ ಇದು ಸಮ್ಮತವಾಗಿರಲು ಸಾಧ್ಯವಿಲ್ಲದ್ದರಿಂದ ಪ್ರಕ್ಷಿಪ್ತವೆಂದು ಕೈಬಿಟ್ಟಿದ್ದೇನೆ. ಒಂಬತ್ತು ಕಾಲು ತುಂಬಿದ್ದರೆ ಗಾಯ ತಾನೇ ಮಾಯುತ್ತದೆ, ಮೂರಕ್ಕೆ ಇಳಿದರೆ ಓಡಲಾಗುವುದಿಲ್ಲ. ಜೋಂಬಿಯ ಕೊಳೆತ ಮಾಂಸ ತಿನ್ನಬೇಡಿ. ಮೂರು ಗೋಧಿ ತೆನೆಗೆ ಒಂದು ಬ್ರೆಡ್ಡು. ನೀರಿನ ಚಿಂತೆಯಂತೂ ಇಲ್ಲ: ಎರಡಕ್ಕೆರಡು ಚೌಕದ ಗುಂಡಿ ತೋಡಿ ಎದುರುಬದುರು ಮೂಲೆಗೆ ಒಂದೊಂದು ಬಕೆಟ್ ಸುರಿದರೆ ಆಯಿತು, ಎಷ್ಟು ಮೊಗೆದರೂ ಬತ್ತುವುದಿಲ್ಲ. ಈ ಭಾಗವನ್ನು ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗಟ್ಟಿಯಾಗಿ ಓದಬಾರದು.

ಒಡವೆ ಪ್ರಕರಣ

ಆಟಗಾರನ ಮೈಮೇಲೆ 36 ಖಾನೆಗಳಿವೆ. ಒಂದೊಂದರಲ್ಲಿ 64 ಕಲ್ಲು ಹಿಡಿಯುತ್ತದೆ. ಒಂದೊಂದು ಕಲ್ಲೂ ಒಂದು ಘನ ಮೀಟರ್. ಗುಣಿಸಿದರೆ 2,304 ಘನ ಮೀಟರ್; ನಮ್ಮ ಕಡೆಯ ಗ್ರಾನೈಟಿನ ತೂಕ ಹಿಡಿದರೆ ಆರು ಸಾವಿರ ಟನ್ನಿಗೂ ಮೇಲೆ. ಇಷ್ಟನ್ನು ಹೊತ್ತುಕೊಂಡು ಆತ ಕುಪ್ಪಳಿಸುತ್ತಾನೆ, ಈಜುತ್ತಾನೆ, ಏಣಿ ಹತ್ತುತ್ತಾನೆ. ಆದರೆ ಅದೇ ಖಾನೆಯಲ್ಲಿ ಕೋಳಿಮೊಟ್ಟೆ ಹದಿನಾರೇ ಹಿಡಿಯುವುದು. ಖಡ್ಗ ಒಂದೇ. ಹಾಸಿಗೆಯೂ ಒಂದೇ. ಅರವತ್ತನಾಲ್ಕು ಬಂಡೆ ಹೊರಬಲ್ಲವನಿಗೆ ಹದಿನೇಳನೇ ಮೊಟ್ಟೆ ಭಾರ! ಇದಕ್ಕೆ ಕಾರಣ ಕೊಡಬಲ್ಲ ಭೌತಶಾಸ್ತ್ರವಿಲ್ಲ. ಅಜ್ಜಿಶಾಸ್ತ್ರದಲ್ಲಿ ಇದೆ: ಕಲ್ಲು ಬಿದ್ದರೆ ಹೋಗುವುದೇನು, ಮೊಟ್ಟೆ ಬಿದ್ದರೆ ಹೋಯಿತಲ್ಲ.

ಇಷ್ಟು ಹೊರಬಹುದೆಂದು ಎಲ್ಲವನ್ನೂ ಹೊತ್ತು ತಿರುಗುವುದೇ ಆರಂಭಿಕನ ಮಹಾಪಾತಕ. ಸತ್ತರೆ ಮೈಮೇಲಿದ್ದದ್ದೆಲ್ಲ ಸತ್ತ ಜಾಗದಲ್ಲೇ ಚೆಲ್ಲುತ್ತದೆ, ಐದು ನಿಮಿಷದಲ್ಲಿ ಮಾಯವಾಗುತ್ತದೆ. (ನೀವು ಬಹಳ ದೂರದಲ್ಲಿದ್ದರೆ ಆ ಗಡಿಯಾರ ನಿಂತಿರುತ್ತದೆ, ಹತ್ತಿರ ಹೋದಾಗಲೇ ಓಡುವುದು. ಆದ್ದರಿಂದ ದಾರಿ ಗೊತ್ತು ಮಾಡಿಕೊಂಡೇ ಹೊರಡಿ, ಆಮೇಲೆ ತಡ ಮಾಡಬೇಡಿ.) ಎಂಟು ಹಲಗೆಗೆ ಒಂದು ಪೆಟ್ಟಿಗೆ. ಇದ್ದಬದ್ದ ವಜ್ರ, ಕಬ್ಬಿಣ ಅದರಲ್ಲಿಟ್ಟು, ಕೈಯಲ್ಲಿ ಬೇಕಾದಷ್ಟನ್ನೇ ಹಿಡಿದು ಗುಹೆಗಿಳಿಯಬೇಕು. ಮದುವೆಗೆ ಹೊರಟಾಗ ಇರುವ ಒಡವೆಯನ್ನೆಲ್ಲ ಹೇರಿಕೊಂಡು ಬಸ್ಸು ಹತ್ತಬೇಡವೆಂದು ಅಜ್ಜಿ ನಮ್ಮತ್ತೆಗೆ ಹೇಳುತ್ತಿದ್ದಳು. ಅತ್ತೆ ಮೈನ್‌ಕ್ರಾಫ್ಟ್ ಆಡಿದವಳಲ್ಲ, ಕೇಳಲಿಲ್ಲ.

ಅಗೆಯುವಾಗ ನೆಟ್ಟಗೆ ಕೆಳಕ್ಕೆ ಅಗೆಯಬಾರದು. ಮೆಟ್ಟಿಲಿನಂತೆ ಓರೆಯಾಗಿ ಇಳಿಯಬೇಕು. ಕೂತ ಕೊಂಬೆಯನ್ನೇ ಕಡಿದ ಕಾಳಿದಾಸನಿಗೆ ಕಾಳಿ ಒಲಿದಳು. ನಿಂತ ನೆಲವನ್ನೇ ಅಗೆದವನಿಗೆ ಲಾವಾ ಒಲಿಯುತ್ತದೆ, ಅದರಲ್ಲಿ ಬಿದ್ದ ಒಡವೆಗೆ ಐದು ನಿಮಿಷದ ಗಡುವೂ ಇಲ್ಲ.

ಶಯನ ಪ್ರಕರಣ

ಮೊದಲ ಹಗಲಲ್ಲೇ ಒಂದೇ ಬಣ್ಣದ ಮೂರು ಕುರಿ ಕಂಡರೆ ಅದು ಪೂರ್ವಜನ್ಮದ ಸುಕೃತ. ಮೂರು ಉಣ್ಣೆ, ಮೂರು ಹಲಗೆ, ಒಂದು ಹಾಸಿಗೆ. ಮಲಗಿದರೆ ರಾತ್ರಿಯೇ ಕಳೆದುಹೋಗುತ್ತದೆ. ಮುಂದೆ ಎಲ್ಲಿ ಸತ್ತರೂ ಆ ಹಾಸಿಗೆಯ ಬಳಿಯೇ ಮರುಹುಟ್ಟು. ಕುರಿ ಸಿಗದಿದ್ದರೆ ಗುಡ್ಡದ ಪಕ್ಕಕ್ಕೆ ಗೂಡು ಕೊರೆದು, ಬಾಯಿಗೆ ಮಣ್ಣು ಮೆತ್ತಿ, ಒಂದು ಪಂಜು ಹಚ್ಚಿ ಕೂತಿರಬೇಕು. ಮೂರು ದಿನ ನಿದ್ದೆಗೆಟ್ಟರೆ ಆಕಾಶದಿಂದ ಫ್ಯಾಂಟಮ್ ಎಂಬ ರೆಕ್ಕೆಯ ಪಿಶಾಚಿಗಳು ಎರಗುತ್ತವೆ. ನಿದ್ದೆಗೆಟ್ಟರೆ ದೆವ್ವ ಮೆಟ್ಟಿಕೊಳ್ಳುತ್ತದೆಂಬ ಅಜ್ಜಿವಚನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಉಳಿದದ್ದು ಒಂದೇ ಶಂಕೆ. ಅಬ್ಸಿಡಿಯನ್ ಕಲ್ಲಿನ ಚೌಕಟ್ಟು ಕಟ್ಟಿ ಬೆಂಕಿ ಮುಟ್ಟಿಸಿದರೆ ನೆದರ್ ಎಂಬ ನರಕಲೋಕಕ್ಕೆ ದಾರಿಯಾಗುತ್ತದೆ. ಅಲ್ಲಿ ಹಾಸಿಗೆ ಹಾಸಿ ಮಲಗಲು ಹೋದರೆ ಹಾಸಿಗೆ ಸಿಡಿಯುತ್ತದೆ, ಕ್ರೀಪರಿಗಿಂತ ಜೋರಾಗಿ. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ಅಜ್ಜಿ ಬಡಕೊಂಡಿದ್ದು ಇದಕ್ಕೇ ಎಂದು ನಾನು ನಿರ್ಣಯಿಸಿದೆ.

“ಇಲ್ಲ ತಾತ, ಯಾವ ಕಡೆ ತಲೆ ಹಾಕಿದ್ರೂ ಸಿಡಿಯುತ್ತೆ” ಎಂದಳು ಪೂರ್ವಪಕ್ಷಿ.

“ಅಲ್ಲಿ ದಿಕ್ಸೂಚಿ ಹೇಗೆ ತೋರಿಸುತ್ತೆ ಪುಟ್ಟಿ?”

“ಸುಮ್ನೆ ಗಿರಗಿರ ತಿರುಗ್ತಿರುತ್ತೆ.”

ದಿಕ್ಸೂಚಿಯೇ ತಿರುಗುವ ಲೋಕದಲ್ಲಿ ಇದು ಉತ್ತರವಲ್ಲ ಎಂದು ಯಾವ ದಿಕ್ಕನ್ನೂ ತೋರಿಸಲಾಗದು. ತೋರಿಸಲಾಗದಿದ್ದ ಮೇಲೆ ಎಲ್ಲ ದಿಕ್ಕೂ ಉತ್ತರವೇ. ಎಲ್ಲವೂ ಉತ್ತರವಾದರೆ ಎತ್ತ ತಲೆ ಹಾಕಿದರೂ ದೋಷ ತಪ್ಪದು. ಆದಕಾರಣ ಹಾಸಿಗೆ ಸಿಡಿಯುವುದು ನ್ಯಾಯವೇ ಆಗಿದೆ ಎಂದು ವಿವರಿಸಿದೆ. ಪೂರ್ವಪಕ್ಷಿ ಅಷ್ಟರೊಳಗೆ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಖಂಡನೆ ಬರಲಿಲ್ಲ.