ರೊಟ್ಟಿ ಬಡಿಯದವರ ಒಲೆ ಉಪದೇಶ

ದೇಶದ ಅಡುಗೆಮನೆ ಉದ್ಧಾರ ಮಾಡುವ ಹುಕಿ ಹತ್ತಿದವರಿಗೆಲ್ಲ ಒಂದು ಸಣ್ಣ ಪರೀಕ್ಷೆ ಇಡಬೇಕು. ಯಾದಗಿರಿ ತಾಲ್ಲೂಕಿನ ಬಳಿಚಕ್ರಕ್ಕೆ ಬರಲಿ. ಕೋಳಿ ಕೂಗುವ ಹೊತ್ತಿಗೆದ್ದು, ಬಿಸಿನೀರು ಹಾಕಿ ಜೋಳದ ಹಿಟ್ಟು ನಾದಿ, ಇಪ್ಪತ್ತು ರೊಟ್ಟಿ ಬಡಿದು ಹೊಲಕ್ಕೆ ಬುತ್ತಿ ಕಟ್ಟಲಿ. ಅಂಚು ಹರಿಯದೆ, ನಡುವೆ ಹಸಿ ಉಳಿಯದೆ ರೊಟ್ಟಿ ಉಬ್ಬಿದರೆ ಪಾಸು. ಆಮೇಲೆ ಗ್ಯಾಸ್ ಬಿಡಿ, ಇಂಡಕ್ಷನ್ ಹಿಡಿಯಿರಿ ಎಂದು ಎಷ್ಟು ಬೇಕಾದರೂ ಭಾಷಣ ಮಾಡಲಿ, ಕೈ ಕಟ್ಟಿ ಕೂತು ಕೇಳೋಣ.

ಭಾಷಣ ಸುಳ್ಳೇನಲ್ಲ, ಅದೇ ಕಷ್ಟ. ನಮ್ಮ ದೇಶ ಸುಡುವ ಅಡುಗೆ ಅನಿಲದಲ್ಲಿ ನೂರಕ್ಕೆ ಅರವತ್ತರಷ್ಟು ಹೊರಗಿನಿಂದ ಬರುತ್ತದೆ. ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳದ್ದು, ಹೊರ್ಮುಜ್ ಜಲಸಂಧಿಯ ಸಂದಿಯಲ್ಲಿ ತೂರಿ ಬರುವಂಥದ್ದು. ಅಂದರೆ ಬಳಿಚಕ್ರದಲ್ಲಿ ಚಹಾ ಕುದಿಯಬೇಕಾದರೆ ಇರಾನಿನ ಮಗ್ಗುಲಿನ ಕಡಲು ತೆಪ್ಪಗಿರಬೇಕು. ಕರೆಂಟಾದರೋ ಪಕ್ಕದ ಮನೆಯದು. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಲೇ ಇದೆ. 2021ರಲ್ಲಿ ‘ಗೋ ಎಲೆಕ್ಟ್ರಿಕ್’ ಅಭಿಯಾನಕ್ಕೆ ಚಾಲನೆ ಕೊಟ್ಟ ಕೇಂದ್ರ ಸಚಿವ ನಿತಿನ್ ಗಡ್ಕರಿ, ಗ್ಯಾಸಿಗೆ ಕೊಡುವ ಸಬ್ಸಿಡಿಯನ್ನು ವಿದ್ಯುತ್ ಒಲೆಗೆ ಯಾಕೆ ಕೊಡಬಾರದು ಎಂದು ಕೇಳಿದರು. 2023ರಲ್ಲಿ ಕೇಂದ್ರದ ಇಇಎಸ್‌ಎಲ್ ಕಂಪನಿ 20 ಲಕ್ಷ ಇಂಡಕ್ಷನ್ ಒಲೆ ಹಂಚುವ ಕಾರ್ಯಕ್ರಮ ಘೋಷಿಸಿತು. ಎಲ್ಲವೂ ಸರಿಯೇ. ಹಂಚನ್ನು ಮಾತ್ರ ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಗೌಂಡಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬಂದವನು ಒಲೆ ತಂದಿದ್ದಾನೆ ಅಂದುಕೊಳ್ಳಿ. ಇಂಥ ಮಗ ಊರಿಗೊಬ್ಬನಿದ್ದಾನೆ.

“ಯವ್ವಾ, ಇದು ಬೆಂಕಿ ಇಲ್ದ ಒಲಿ. ಹೊಗಿ ಇಲ್ಲ, ಮಸಿ ಇಲ್ಲ.”

“ಬೆಂಕಿ ಇಲ್ಲಂದ್ರ ರೊಟ್ಟಿ ಹ್ಯಾಂಗ ಉಬ್ಬತದಪಾ?”

ಇಂಡಕ್ಷನ್ ತಂತ್ರಜ್ಞಾನದ ಬಗ್ಗೆ ಇದಕ್ಕಿಂತ ಮೂಲಭೂತ ಪ್ರಶ್ನೆಯನ್ನು ಯಾವ ತಜ್ಞರ ಸಮಿತಿಯೂ ಎತ್ತಿದ ಹಾಗಿಲ್ಲ. ಗಾಜಿನ ಕೆಳಗಿನ ತಂತಿಸುರುಳಿ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅದರಿಂದ ಪಾತ್ರೆಯ ತಳವೇ ಕಾಯುತ್ತದೆ. ತಳ ಕಬ್ಬಿಣದ ಜಾತಿಯದಾಗಿರಬೇಕು, ಸಪಾಟಾಗಿರಬೇಕು. ಹಂಚು ಕಬ್ಬಿಣದ್ದೇ, ಜಾತಿಯಲ್ಲಿ ಪಾಸು. ಆದರೆ ಎಷ್ಟೋ ವರ್ಷ ಬೆಂಕಿ ಉಂಡು ಹೊಟ್ಟೆ ಇಳಿಬಿಟ್ಟ ಹಂಚದು. ಗಾಜಿನ ಮೇಲೆ ಇಟ್ಟರೆ ಬುಗುರಿಯಾಗುತ್ತದೆ. ಸಪಾಟು ತವೆ ತಂದರೂ ಸುರುಳಿಯ ಅಗಲಕ್ಕಿಂತ ರೊಟ್ಟಿಯ ಅಗಲ ಹೆಚ್ಚು. ನಡುವೆ ಕರಕಲು, ಅಂಚಿಗೆ ಹಸಿ. ಮೇಲೆ ನೀರು ಸವರಿ, ಮಗುಚಿ, ಕಡೆಗೆ ಒಲೆಯ ಬಾಯಲ್ಲಿ ಕೆಂಡದೆದುರು ಒರಗಿಸಿ ಉಬ್ಬಿಸುವ ಕೆಲಸವಂತೂ ಇಲ್ಲಿ ಇಲ್ಲವೇ ಇಲ್ಲ. ತವೆ ತುಸು ಸರಿಸಿದರೆ ಟೀಂ ಟೀಂ ಎಂದು ಒಲೆಯೇ ಬೈಯುತ್ತದೆ. ಬದನೆಕಾಯಿ ಸುಡುವ ಮಾತು ಎತ್ತಲೇಬೇಡಿ. ಅಂದಹಾಗೆ ಚುನಾವಣೆ ಬಂದಾಗ ಹಂಚುವ ಅಲ್ಯುಮಿನಿಯಂ ಕುಕ್ಕರುಗಳೂ ಈ ಒಲೆಯ ಮೇಲೆ ಕಾಯುವುದಿಲ್ಲ. ಮತದಾರರ ಅಡುಗೆಮನೆಯ ಬಗ್ಗೆ ಪಕ್ಷಗಳಿಗೆ ದೂರದೃಷ್ಟಿ ಇಲ್ಲ ಎನ್ನಲು ಇನ್ನೇನು ಸಾಕ್ಷಿ ಬೇಕು?

ಒಲೆಗೆ ಅನ್ಯಾಯ ಮಾಡಬಾರದು. ಹಾಲು, ನೀರು, ಅನ್ನ, ಬೇಳೆಗೆ ಇದರಷ್ಟು ಚುರುಕು ಇನ್ನೊಂದಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬ್ಯಾಸಗಿಯಲ್ಲಿ ಅಡುಗೆಮನೆಯನ್ನು ಇನ್ನಷ್ಟು ಕುದಿಸುವುದಿಲ್ಲ ಎಂಬುದೇ ದೊಡ್ಡ ಪುಣ್ಯ. ರೊಟ್ಟಿ ಬಿಟ್ಟು ಉಳಿದದ್ದನ್ನು ಇದರ ಮೇಲೆ ಮಾಡಲಿಕ್ಕೆ ಅತ್ತೆ ಸೊಸೆ ಇಬ್ಬರೂ ತಯಾರು. ಅಷ್ಟರಲ್ಲಿ ಮೀಟರ್ ಓದುವವನು ಬರುತ್ತಾನೆ.

2023ರ ಆಗಸ್ಟ್ 5ರಂದು ಪಕ್ಕದ ಕಲಬುರಗಿಯಲ್ಲೇ ರಾಜ್ಯ ಸರ್ಕಾರದ ಗೃಹಜ್ಯೋತಿ ಬೆಳಗಿತು. 200 ಯೂನಿಟ್ ಪುಕ್ಕಟೆ ಎಂದು ಊರೆಲ್ಲ ಡಂಗುರ. ಕೆಳಗೆ ಸಣ್ಣಕ್ಷರದಲ್ಲಿ ಒಬ್ಬ ಮಹಾಮೇಧಾವಿಯ ಲೆಕ್ಕ: 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅಷ್ಟು, ಅದರ ಮೇಲೆ ನೂರಕ್ಕೆ ಹತ್ತು. ಕಡಿಮೆ ಉರಿಸುವವರ ಗೋಳು ಕೇಳಿ 2024ರ ಜನವರಿಯಲ್ಲಿ ಅವರಿಗೆ ನೂರಕ್ಕೆ ಹತ್ತರ ಬದಲು ಹೆಚ್ಚುವರಿ 10 ಯೂನಿಟ್ ಎಂದು ತಿದ್ದಿದರು. ಈಗ ನೋಡಿ. ಎರಡು ಬಲ್ಬು, ಒಂದು ಫ್ಯಾನಿನಲ್ಲಿ 40 ಯೂನಿಟ್ಟಿಗೆ ಸಂಸಾರ ಮುಗಿಸಿದ ಮನೆಗೆ 50 ಯೂನಿಟ್ ಪುಕ್ಕಟೆ. ಗೀಸರ್, ವಾಷಿಂಗ್ ಮೆಷಿನ್ ತಿರುಗಿಸಿ 170 ಉರಿಸಿದ ಮನೆಗೆ 187. ಮಿತವ್ಯಯ ಮಾಡಿದ ತಪ್ಪಿಗೆ ಶಿಕ್ಷೆ ಕೊಡುವ ಯೋಜನೆ ಜಗತ್ತಿನಲ್ಲಿ ಬೇರೆ ಎಲ್ಲಾದರೂ ಇದ್ದರೆ ಅಧ್ಯಯನ ಪ್ರವಾಸಕ್ಕೆ ಹೋಗಿ ಬರಬಹುದು.

14.2 ಕಿಲೋ ಸಿಲಿಂಡರಿನ ಕೆಲಸವನ್ನು ಇಂಡಕ್ಷನ್ ಸುಮಾರು 120 ಯೂನಿಟ್ಟಿನಲ್ಲಿ ಮಾಡುತ್ತದೆ. ಒಂದೂವರೆ ತಿಂಗಳಿಗೊಂದು ಸಿಲಿಂಡರ್ ಬೇಯಿಸುವ ಮನೆ ಪೂರ್ತಿ ಬದಲಾದರೆ ತಿಂಗಳಿಗೆ 80 ಯೂನಿಟ್ ಏರುತ್ತದೆ. 40ರ ಮನೆ 120ಕ್ಕೆ ಹೋಯಿತು, 50 ಕಳೆದು 70ಕ್ಕೆ ದುಡ್ಡು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 420, ತೆರಿಗೆ ಬೇರೆ. ಒಂಬೈನೂರರ ಆಸುಪಾಸಿನ ಸಿಲಿಂಡರಿನಲ್ಲಿ ಕೇಂದ್ರದ ಉಜ್ವಲಾ ಸಬ್ಸಿಡಿಯ 300 ರೂಪಾಯಿ ಕಳೆದರೆ ತಿಂಗಳಿಗೆ 400. ಗ್ಯಾಸ್ ಬಿಡಬೇಡಿ ಎಂದು ಒಂದು ಸರ್ಕಾರ ದುಡ್ಡು ಕೊಡುತ್ತದೆ, ಇಂಡಕ್ಷನ್ ಹಚ್ಚಿದರೆ ಇನ್ನೊಂದು ಸರ್ಕಾರ ಬಿಲ್ ಕೊಡುತ್ತದೆ. ಉಪದೇಶ ಮಾತ್ರ ಎಲ್ಲರದೂ ಪುಕ್ಕಟೆ, ಅದಕ್ಕೆ ಯೂನಿಟ್ಟಿನ ಮಿತಿ ಇಲ್ಲ.

170ರ ಮನೆಯವರು ಬುದ್ಧಿವಂತರು. ಅವರು 80 ಸೇರಿಸಿಕೊಂಡರೆ 250 ಆಗುತ್ತದೆ; 200 ದಾಟಿದವರು ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಅವರು ಇಂಡಕ್ಷನ್ ಬಗ್ಗೆ ಲೇಖನ ಬರೆದು, ಪೈಪಿನ ಗ್ಯಾಸಿನಲ್ಲಿ ಕಾಫಿ ಕಾಯಿಸುತ್ತಾರೆ.

ಇನ್ನು ಲೋಡು, ವೋಲ್ಟೇಜ್. 2,000 ವಾಟಿನ ಒಲೆಗೆ ಐದು ಆಂಪಿನ ಪ್ಲಗ್ಗು ಸಾಲದು, ಒಂದು ಕಿಲೋವಾಟ್ ಮಂಜೂರಾದ ಲೋಡೂ ಸಾಲದು. ಸಂಜೆ ಎಲ್ಲರ ಮನೆ ದೀಪ ಹತ್ತಿದಾಗ ವೋಲ್ಟೇಜ್ ಇಳಿದು, ಪರದೆಯ ಮೇಲೆ ‘ಇ’ ಎಂದು ತೋರಿಸಿ ಒಲೆ ಕಣ್ಣು ಮುಚ್ಚುತ್ತದೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ, ನಿರಂತರ ಜ್ಯೋತಿ, ಗೃಹಜ್ಯೋತಿ ಇಷ್ಟೂ ಯೋಜನೆಗಳು ಸೇರಿ ಒಂದು ಪಾವು ಬೇಳೆ ಬೇಯಿಸಲಾರವು.

ಹೀಗಾಗಿ ಮನೆಯಲ್ಲೀಗ ಮೂರು ಒಲೆ. ರೊಟ್ಟಿಗೆ ಕಟ್ಟಿಗೆಯದು, ಬೀಗರು ಬಂದರೆ ಗ್ಯಾಸಿನದು. ಮೂರನೆಯದು ಟಿ.ವಿ. ಪಕ್ಕದ ಗಾಜಿನ ಕಪಾಟಿನಲ್ಲಿ, ಮೇಲೊಂದು ಕಸೂತಿ ಬಟ್ಟೆ. ಮುಂದಿನ ಮದುವೆಯಲ್ಲಿ ಆಹೇರು ಕೊಡಲಿಕ್ಕೆ ಡಬ್ಬಿಯನ್ನೂ ಜೋಪಾನ ಮಾಡಿದ್ದಾರೆ.

ಮಗ ಬೆಂಗಳೂರಿಗೆ ಹೋದ. ಅಲ್ಲಿ ಅವನು ಕಟ್ಟುವ ಅಪಾರ್ಟ್‌ಮೆಂಟಿನ ಪ್ರತಿ ಅಡುಗೆಮನೆಗೂ ಇಂಡಕ್ಷನ್ನಿಗೆಂದೇ ಬೇರೆ ಪವರ್ ಪ್ಲಗ್, ಜೊತೆಗೆ ಗ್ಯಾಸಿನ ಪೈಪು. ಗೋಡೆ ಕೊರೆಯುವವನು ಇವನೇ. ಹಿಂದಿನ ತಗಡಿನ ಶೆಡ್ಡಿನಲ್ಲಿ ಇವನ ಅಡುಗೆ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತುಂಬಿಸುವ ಪುಟ್ಟ ಸಿಲಿಂಡರಿಗೆ ಸಬ್ಸಿಡಿ ಇಲ್ಲ. ಗೃಹಜ್ಯೋತಿಗೆ ಅರ್ಜಿ ಹಾಕೋಣವೆಂದರೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಬೇಕು. ಶೆಡ್ಡಿಗೆ ಅದಿಲ್ಲವಾದ್ದರಿಂದ ಅವನ ಸರಾಸರಿಯನ್ನು ಯಾವ ಸರ್ಕಾರವೂ ಇನ್ನೂ ಕೇಳಿಲ್ಲ.