ಆಯಿಲ್ ಇಂಜಿನ್: ಮಾಲೀಕರ ಕೈಪಿಡಿ

ಅಭಿನಂದನೆಗಳು. ಕರೆಂಟಿಗೆ ಕಾದು ಕಾದು ಸಾಕಾಗಿ ತಾವು ಒಂದು ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ ತಂದಿದ್ದೀರಿ. ಜೊತೆಗೆ ಹ್ಯಾಂಡಲ್ ಮತ್ತು ಸ್ಪ್ಯಾನರ್ ಕೊಟ್ಟಿದ್ದೇವೆ. ಸಲಹೆಗಾರರನ್ನು ಕೊಟ್ಟಿಲ್ಲ, ಅವರು ಬಾವಿಕಟ್ಟೆಗೆ ತಾವಾಗಿಯೇ ಬರುತ್ತಾರೆ.

ಪ್ಲಗ್ ಹುಡುಕಬೇಡಿ

ಇಲ್ಲ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಇದಕ್ಕೆ ಬೇಡ. ಪಿಸ್ಟನ್ ಕೆಳಗಿಳಿದಾಗ ಒಳಗೆ ಬರುವುದು ಬರೀ ಗಾಳಿ. ಮೇಲೇರುವಾಗ ಅದನ್ನು 16–18 ಪಟ್ಟು ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೆ? ಇಲ್ಲಿ ಆ ಬಿಸಿ 500 ಡಿಗ್ರಿ ದಾಟುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಅದರಲ್ಲಿ ಅರ್ಧ ಸಾಕು. ಸರಿಯಾಗಿ ಆ ಗಳಿಗೆಗೆ ನಾಝಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸುತ್ತದೆ, ಪಿಸ್ಟನ್ನಿಗೆ ಏಟು ಬೀಳುತ್ತದೆ, ಮುಂದಿನ ಏರಿನಲ್ಲಿ ಹೊಗೆ ಹೊರಗೆ. ಚಕ್ರದ ಎರಡು ಸುತ್ತಿಗೆ ದುಡಿಮೆ ಒಂದೇ ಏಟು. ಉಳಿದದ್ದನ್ನೆಲ್ಲ ಫ್ಲೈವೀಲು ತನ್ನ ಭಾರದಿಂದಲೇ ಸಾಗಿಸಬೇಕು. ಇಳಿಸುವಾಗ ಅದನ್ನು ಬೈದವರು ಇದನ್ನು ಗಮನಿಸಬೇಕು.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಈ ಬಗೆಯ ಇಂಜಿನ್ನನ್ನು ಓಡಿಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಸಣ್ಣ ಇಂಜಿನ್ ಕಡಲೆಕಾಯಿ ಎಣ್ಣೆ ಕುಡಿದು ಓಡಿತ್ತು. ಈಗಿನ ದರಕ್ಕೆ ಆ ಪ್ರಯೋಗ ಬೇಡ.

ಹ್ಯಾಂಡಲ್ ಹೊಡೆಯುವುದು

ಡಿಕಂಪ್ರೆಷನ್ ಲಿವರ್ ಎತ್ತಿ. ವಾಲ್ವ್ ತೆರೆದೇ ಇರುವುದರಿಂದ ಗಾಳಿ ಅದುಮಿಕೊಳ್ಳದು, ಕೈಗೆ ಹಗುರ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ, ಹಿಡಿಯ ಸುತ್ತ ಬಳಸಬೇಡಿ. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಜಾರಿಹೋಗಲಿ, ಹೆಬ್ಬೆರಳು ಉಳಿಯಲಿ. ಈಗ ತಿರುಗಿಸಿ. ನಾಝಲ್ "ಕರ್ರ್, ಕರ್ರ್" ಎಂದರೆ ಡೀಸೆಲ್ ಬರುತ್ತಿದೆ. ಚಕ್ರಕ್ಕೆ ವೇಗ ಬಂದೊಡನೆ ಲಿವರ್ ಬಿಡಿ.

ಕಟ್ಟೆಯ ಮೇಲಿನ ಹಿರಿಯರು "ಜೋರಾಗಿ ಹೊಡಿಯೋ, ಬೆಳಿಗ್ಗೆ ಉಂಡಿಲ್ವೇನೋ" ಎನ್ನುತ್ತಾರೆ. ಭೌತಶಾಸ್ತ್ರ ಅವರ ಪರ. ನಿಧಾನವಾಗಿ ತಿರುಗಿಸಿದರೆ ಗಾಳಿಯ ಬಿಸಿಯನ್ನು ತಣ್ಣನೆಯ ಕಬ್ಬಿಣ ಕುಡಿದುಬಿಡುತ್ತದೆ, ಪಿಸ್ಟನ್ ರಿಂಗಿನ ಸಂದಿಯಲ್ಲಿ ಗಾಳಿಯೂ ಸೋರುತ್ತದೆ.

ಸ್ಟಾರ್ಟ್ ಆಗದಿದ್ದರೆ

ಹೆಚ್ಚಾಗಿ ಏರ್ ಹಿಡಿದಿರುತ್ತದೆ. ಡೀಸೆಲ್ ಅದುಮಿದರೆ ಕುಗ್ಗದು, ಡೀಸೆಲ್ ಪಂಪಿನ ಒತ್ತಡ ನೇರ ನಾಝಲ್ ಮುಟ್ಟುತ್ತದೆ. ಪೈಪಿನಲ್ಲಿ ಗಾಳಿ ಸೇರಿತೋ, ಒತ್ತಡವೆಲ್ಲ ಅದರ ಹೊಟ್ಟೆಗೆ. ಸಿಲಿಂಡರಿನಲ್ಲಿ ಅನ್ನ ಕೊಡುವ ಗಾಳಿ ಪೈಪಿನಲ್ಲಿ ಮಣ್ಣು ಹಾಕುತ್ತದೆ. ಡೀಸೆಲ್ ಪಂಪಿನ ಬಳಿಯ ನಟ್ ಸಡಿಲಿಸಿ; ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಧಾರೆ. ಧಾರೆ ಕಂಡಮೇಲೆ ಬಿಗಿ ಮಾಡಿ. ಲುಂಗಿಗೆ ಹತ್ತಿದ ವಾಸನೆಗೆ ಕಂಪನಿ ಹೊಣೆಯಲ್ಲ.

ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಿ. ನೀಲಿ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಪರ್ಸ್ ನೋಡಿ.

ನಿಲ್ಲಿಸುವುದು

ಕೀ ಇಲ್ಲ. ಆರಿಸಲು ಕಿಡಿಯೇ ಇಲ್ಲದ ಮೇಲೆ ಕೀ ಯಾಕೆ? ಸ್ಟಾಪ್ ಲಿವರ್ ಎಳೆದು ಡೀಸೆಲ್ ತಡೆಯಿರಿ. ಟ್ಯಾಂಕ್ ಖಾಲಿಯಾದರೆ ತಾನೇ ನಿಲ್ಲುತ್ತದೆ ಎಂದು ಮನೆಗೆ ಹೋಗಿ ಮಲಗುವವರು ಸ್ಪ್ಯಾನರನ್ನು ದಿಂಬಿನ ಕೆಳಗೇ ಇಟ್ಟುಕೊಳ್ಳುವುದು.